ಕೆರೆ ಪಕ್ಕದ ಮನೆಗೆ ಒಂದು ಕೋಣೆ ಸೇರಿಸಬೇಕೇ? ಮೊದಲು ಗಡಿಯ ಬಾಂದು ಕಲ್ಲು ಹುಡುಕಿ

ನಮ್ಮ ಭಾವ ಮಾಡಿದ ಮೊದಲ ತಪ್ಪು ಎಂದರೆ ಇಂಜಿನಿಯರ್ ಹತ್ತಿರ ಮೊದಲು ಹೋಗಿದ್ದು.

ಚಿಕ್ಕಮಗಳೂರಿನ ಅಂಚಿನಲ್ಲಿ ಅವರ ಮನೆ. ಅಲಿನೇಷನ್ ಆಗಿರುವ, ಅಂದರೆ ಕೃಷಿಯಿಂದ ವಾಸಕ್ಕೆ ಪರಿವರ್ತನೆಯಾದ 12 ಗುಂಟೆ ಜಾಗ, ಹಿಂದೆ ನಾಲ್ಕು ಸಾಲು ಅಡಿಕೆ, ಅದರಾಚೆ ಕೆರೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ. ಹಿತ್ತಲ ಕಡೆಗೆ 12 ಅಡಿ ಆಳದ ಒಂದು ಕೋಣೆ, ಒಂದು ಬಾತ್‌ರೂಮ್ ಸೇರಿಸೋಣ ಎಂದು ಭಾವ ಹೊರಟರು. ಪ್ಲಾನ್ ಆಯಿತು, ಕಂಪ್ಯೂಟರಿನಲ್ಲಿ ಚೆಂದದ ಚಿತ್ರವೂ ಬಂತು. ಅದಕ್ಕೆ ದುಡ್ಡೂ ಕೊಟ್ಟರು. ಅರ್ಜಿ ಹಾಕಿದ ಮೇಲೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ ಬಂತು: ಕೆರೆಯ ಬಫರ್ (ಕೆರೆ ಸುತ್ತ ಏನೂ ಕಟ್ಟದೆ ಬಿಡಬೇಕಾದ ಜಾಗ) ಒಳಗೆ ಬರುತ್ತದೆ, ಅನುಮತಿ ಇಲ್ಲ.

ಅಲ್ಲಿಂದ ಮುಂದಿನ ಎಂಟು ತಿಂಗಳ ಓಡಾಟದಲ್ಲಿ ನಾನೂ ಜೊತೆಗಿದ್ದೆ. ಯಾವುದನ್ನು ಮೊದಲು ಮಾಡಬೇಕಿತ್ತು ಎಂಬುದು ಆಗ ಗೊತ್ತಾಯಿತು. ಆ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ.

ನಿಮ್ಮ ಜಾಗ ಯಾರ ಕೈಕೆಳಗೆ ಬರುತ್ತದೆ

ಕಟ್ಟಡದ ಲೈಸೆನ್ಸ್ ಕೊಡುವವರು ಬೇರೆ, ಅದಕ್ಕೆ ಮುಂಚೆ ಒಪ್ಪಬೇಕಾದವರು ಬೇರೆ. ಇದು ಮೊದಲು ತಲೆಗೆ ಹೋಗಬೇಕು. ಊರೊಳಗೆ, ಅಂದರೆ ಬಸವನಹಳ್ಳಿ ಕೆರೆ, ಕೋಟೆ ಕೆರೆ, ದಂಟರಮಕ್ಕಿ ಕೆರೆಯ ಸುತ್ತಮುತ್ತ ಇದ್ದರೆ ಲೈಸೆನ್ಸ್ ನಗರಸಭೆಯದ್ದು. ಅದು ಪುರಸಭೆಗಳ ಕಾಯ್ದೆ 1964ರ 187ನೇ ಕಲಂ ಕೆಳಗೆ. ಹಳ್ಳಿಯಾದರೆ ಗ್ರಾಮ ಪಂಚಾಯಿತಿ. ಅದಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ.

ಭಾವನ ಮನೆ ಇದ್ದ ಹಾಗೆ ಎರಡರ ನಡುವೆ ಇದ್ದರೆ ಸ್ವಲ್ಪ ಜಾಸ್ತಿ ಓಡಾಟ. ಲೈಸೆನ್ಸ್ ಪಂಚಾಯಿತಿಯದ್ದೇ. ಆದರೆ ಜಾಗ ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶದಲ್ಲಿದೆ, ಜನ ಸಿಡಿಎ ಅಂತಾರಲ್ಲ, ಅದು. ಹಾಗಾಗಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಅನ್ವಯಿಸುತ್ತದೆ. ಆ ಕಾಯ್ದೆಯ 15ನೇ ಕಲಂ ಪ್ರಕಾರ ಪ್ರಾಧಿಕಾರದ ಒಪ್ಪಿಗೆ ಬೇಕು. ಪಂಚಾಯಿತಿಯಲ್ಲಿ "ನಾವು ಕೊಡ್ತೀವಿ ಬಿಡಿ" ಎಂದರೂ ಅಷ್ಟಕ್ಕೇ ಖುಷಿಪಡಬೇಡಿ. ನಿಮ್ಮ ಸರ್ವೆ ನಂಬರ್ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆಯೇ ಎಂದು ಅಲ್ಲೇ ಹೋಗಿ ಕೇಳಿ.

ಕೆರೆಯ ಯಜಮಾನರು ಇನ್ನೊಬ್ಬರು. ಅಚ್ಚುಕಟ್ಟು, ಅಂದರೆ ಆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ದೊಡ್ಡದಿದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆ, ಅದಕ್ಕಿಂತ ಚಿಕ್ಕದಾದರೆ ಪಂಚಾಯಿತಿ ಕಡೆಯವರು. ಅವರ ಅಭಿಪ್ರಾಯ ಕೇಳಿ ಕಡತ ಅತ್ತ ಹೋಗಬಹುದು, ಹೋದರೆ ಅಲ್ಲಿಯೂ ಸಮಯ ಹಿಡಿಯುತ್ತದೆ.

ಕೆರೆ ಎಲ್ಲಿ ಮುಗಿಯುತ್ತದೆ

ಇಡೀ ಕೆಲಸದ ಜೀವ ಇಲ್ಲಿದೆ. ಉಳಿದದ್ದೆಲ್ಲ ಕಾಗದ.

ಭಾವ ಮಾರ್ಚ್‌ನಲ್ಲಿ ಟೇಪು ಹಿಡಿದು ಮನೆಯ ಹಿಂಗೋಡೆಯಿಂದ ನೀರಿನವರೆಗೆ ಅಳೆದಿದ್ದರು. 140 ಅಡಿ ಬಂತು. ಕೆರೆಗೆ ಬಿಡಬೇಕಾದ ಬಫರ್ 30 ಮೀಟರ್, ಎಂದರೆ 98 ಅಡಿ ಚಿಲ್ಲರೆ. 12 ಅಡಿ ಕೋಣೆ ಕಳೆದರೂ 128 ಅಡಿ ಉಳಿಯುತ್ತದೆ, ಧಾರಾಳ ಆಯಿತು ಎಂದುಕೊಂಡರು. ಇದೇ ಲೆಕ್ಕ ಬಹಳ ಜನ ಹಾಕುತ್ತಾರೆ. ಆದರೆ ಕೆರೆ ಎಂದರೆ ನೀರಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿಯುತ್ತದೆ, ಕೋಡಿ ಬಿದ್ದಾಗ ಮುಂದೆ ಬರುತ್ತದೆ. ಕಾನೂನು ನೋಡುವುದು ಕಂದಾಯ ದಾಖಲೆಯಲ್ಲಿರುವ ಕೆರೆಯ ಹೊರಗಡಿಯನ್ನು. ಅಂಗಳ ಒಣಗಿ ಅಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರೂ ಅದು ಕೆರೆಯೇ.

ಮೊದಲಿಗೆ ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಹಿತ್ತಲಲ್ಲಿ ನಿಂತು ನೋಡಿ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅಂದಾಜಿಗೆ ಸಾಕು. ಆದರೆ ಕೆಲವು ಅಡಿ ಆಚೀಚೆ ತೋರಿಸಿಬಿಡುತ್ತದೆ, ಹಾಗಾಗಿ ಅದನ್ನು ನಂಬಿ ಪಾಯ ತೆಗೆಯುವಂತಿಲ್ಲ. ಆಮೇಲೆ ಗ್ರಾಮ ನಕ್ಷೆ ತೆಗೆಸಿ. ನಿಮ್ಮ ನಂಬರಿನ ಟಿಪ್ಪಣಿ (ಸರ್ವೆ ಅಳತೆಯ ಕೈನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ಪ್ರತಿ ತೆಗೆಸಿ. ಪಹಣಿಯಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ ಎಷ್ಟಿದೆ ನೋಡಿ. ಅದರಲ್ಲೂ 'ಬಿ' ಖರಾಬು ಎಂದಿದ್ದರೆ ಅದು ಸಾರ್ವಜನಿಕ ಬಳಕೆಯದ್ದು, ಹಳ್ಳವೋ ಕಾಲುವೆಯೋ ದಾರಿಯೋ ಇರುತ್ತದೆ. ಕೆರೆ ದೂರ ಇದ್ದರೂ ಕೆರೆಗೆ ನೀರು ತರುವ ಹಳ್ಳ ನಿಮ್ಮ ಗೋಡೆ ಪಕ್ಕದಲ್ಲೇ ಇರಬಹುದು, ಅದಕ್ಕೂ ಬಿಡಬೇಕಾದ ಅಂತರ ಬೇರೆ ಇರುತ್ತದೆ. ಕ್ರಯಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಹೇಳುವ ಕಡೆ, "ಪೂರ್ವಕ್ಕೆ ಕೆರೆ" ಎಂದು ಬರೆದಿರುತ್ತಾರೆ. ಅಷ್ಟರಿಂದ ಏನೂ ತಿಳಿಯುವುದಿಲ್ಲ. ಯಾವ ಕೆರೆ ಎಂದು ಗೊತ್ತು, ಎಲ್ಲಿಂದ ಎಂದು ಗೊತ್ತಿಲ್ಲ.

ನಂತರ ಹದ್ದುಬಸ್ತಿಗೆ, ಅಂದರೆ ಅಳೆದು ಗಡಿ ಗುರುತಿಸಲು ಅರ್ಜಿ ಹಾಕಿ. ನಾಡಕಚೇರಿಯಲ್ಲಿ ಅರ್ಜಿ ತೆಗೆದುಕೊಳ್ಳುತ್ತಾರೆ, ಸರ್ವೆ ಇಲಾಖೆಯ ಮೋಜಣಿ ವ್ಯವಸ್ಥೆಯಲ್ಲಿ ಸರದಿ ಬರುತ್ತದೆ. ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ. ಅವರು ಬಂದು ನಿಂತರೆ ಒಳ್ಳೆಯದೇ, ನಾಳೆ ತಕರಾರು ಇರುವುದಿಲ್ಲ.

ಅವತ್ತಿನ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಸರ್ವೆಯರ್ ಹಳೇ ಟಿಪ್ಪಣಿಯ ಜೆರಾಕ್ಸ್ ಬಿಚ್ಚಿದರು. ಅದರಲ್ಲಿ ಅಡಿ ಇಲ್ಲ, ಮೀಟರ್ ಇಲ್ಲ. ಸರಪಳಿ ಮತ್ತು ಆಣೆ. ಒಂದು ಸರಪಳಿ 33 ಅಡಿ, ಅದರಲ್ಲಿ 16 ಆಣೆ. 33ಕ್ಕೆ 33 ಗುಣಿಸಿದರೆ 1089 ಚದರಡಿ, ಅದೇ ಒಂದು ಗುಂಟೆ. ಭಾವನ ಜಾಗ ಅಗಲಕ್ಕೆ ಎರಡು, ಉದ್ದಕ್ಕೆ ಆರು ಸರಪಳಿ. ಎರಡಾರ್ಲಿ ಹನ್ನೆರಡು ಗುಂಟೆ, ಸರಿಹೋಯಿತು. ರಸ್ತೆ ಬದಿಯ ಕಲ್ಲು ಸಿಕ್ಕಿತು. ಅಲ್ಲಿಂದ ಆರು ಸರಪಳಿ, ಅಂದರೆ 198 ಅಡಿ ಎಳೆದರೆ ಟೇಪಿನ ತುದಿ ಅಡಿಕೆ ಸಾಲು ದಾಟಿ ಒಂದು ಲಂಟಾನ ಪೊದೆಯೊಳಗೆ ಹೋಯಿತು. ಕತ್ತಿಯಿಂದ ಪೊದೆ ಸವರಿ, ಗುದ್ದಲಿಯಲ್ಲಿ ಅರ್ಧ ಅಡಿ ಕೆದಕಿದಾಗ ಠಣ್ ಅಂತು. ಬಾಂದು ಕಲ್ಲು, ಭಾವನ ಜಾಗ ಮುಗಿದು ಕೆರೆ ಶುರುವಾಗುವ ಗಡಿ. ನೆತ್ತಿಯ ಗುರುತು ಸವೆದಿತ್ತು, ಆದರೆ ಇತ್ತು.

"ನಿಮ್ಮ ಬೇಲಿ ಎಲ್ಲಿದೆ ಸಾರ್?" ಎಂದರು ಸರ್ವೆಯರ್. ಬೇಲಿ ಕಲ್ಲಿನಿಂದ ಹತ್ತಡಿ ಆಚೆ, ಕೆರೆಯೊಳಗೆ ಇತ್ತು. ಮಾರಿದವರು ಹಾಕಿದ್ದ ಬೇಲಿ. ಭಾವನ ಮುಖ ನೋಡಬೇಕಿತ್ತು.

ಕಲ್ಲಿನಿಂದ ಹಿಂಗೋಡೆಗೆ ಅಳೆದರೆ ಮೂರು ಸರಪಳಿ ಎರಡೂವರೆ ಆಣೆ. 104 ಅಡಿ. ಬಫರಿನ 98 ಅಡಿ ಕಳೆದರೆ ಮುಂದಕ್ಕೆ ಬೆಳೆಸಲು ಉಳಿದದ್ದು ಐದೂವರೆ ಅಡಿ. ಅಷ್ಟರಲ್ಲಿ ಕೋಣೆ ಬಿಡಿ, ಬಟ್ಟೆ ಒಣಗಿಸಲು ಜಾಗ ಆಗುತ್ತದೆ. ನೆನಪಿಟ್ಟುಕೊಳ್ಳಲು ಒಂದು ಸುಲಭ ಲೆಕ್ಕ: 30 ಮೀಟರ್ ಎಂದರೆ ಹೆಚ್ಚುಕಡಿಮೆ ಮೂರು ಸರಪಳಿ.

ಬೇಲಿ ವಿಷಯ ಹೇಳಿಬಿಡುತ್ತೇನೆ. ನಿಮ್ಮದೂ ಹೀಗೆ ಆಚೆ ಹೋಗಿದ್ದರೆ ಅರ್ಜಿ ಹಾಕುವ ಮೊದಲೇ ಹಿಂದಕ್ಕೆ ತನ್ನಿ. ಸ್ಥಳ ತನಿಖೆಗೆ ಬಂದವರ ಕಣ್ಣಿಗೆ ಒತ್ತುವರಿ ಬಿದ್ದರೆ ಆಮೇಲೆ ಕೋಣೆಯ ಮಾತೇ ಇರುವುದಿಲ್ಲ. ನಾವು ಎರಡು ದಿನದಲ್ಲಿ ಕಂಬ ಕಿತ್ತು ಕಲ್ಲಿನ ಈಚೆ ನೆಟ್ಟೆವು.

ಕೆರೆಯ ಕಡೆಯ ಸರ್ವೆ ನಕ್ಷೆ ಸುಮ್ನೆ ಕೇಳಿದರೆ ಸಿಗದಿದ್ದಾಗ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಶುಲ್ಕ, 30 ದಿನ ಗಡುವು. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಕಥೆ ಬರೆಯಬೇಡಿ. "ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಕೆರೆಯ ಗಡಿ ಗುರುತಿಸಿದ ನಕ್ಷೆಯ ದೃಢೀಕೃತ ಪ್ರತಿ ಕೊಡಿ" ಎಂದರೆ ಸಾಕು.

30 ಮೀಟರ್, 75 ಮೀಟರ್: ಯಾವುದು ನಿಮ್ಮದು

ಟೀ ಅಂಗಡಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. 75 ಮೀಟರ್ ಎನ್ನುವವರು ಬೆಂಗಳೂರಿನ ಸುದ್ದಿ ಓದಿದವರು. ಹಸಿರು ನ್ಯಾಯಮಂಡಳಿ 2016ರಲ್ಲಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಎಂದಿತ್ತು, ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಅದನ್ನು ರದ್ದು ಮಾಡಿತು. ನಮಗೆ ಅದು ಬೇಡ.

ನೀವು ನೋಡಬೇಕಾದ್ದು ಎರಡು. ಒಂದು, ನಿಮ್ಮ ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆ (ಮಾಸ್ಟರ್ ಪ್ಲಾನ್) ಮತ್ತು ಅದರ ಜೊತೆಗಿರುವ ವಲಯ ನಿಯಮಗಳು. ನಕ್ಷೆಯಲ್ಲಿ ನಿಮ್ಮ ಜಾಗಕ್ಕೆ ಯಾವ ಬಣ್ಣ ಇದೆ, ಹಳದಿಯೋ ಹಸಿರೋ, ಕೆರೆ ಸುತ್ತ ಬಫರ್ ಗೆರೆ ಎಳೆದಿದ್ದಾರೆಯೇ ಎಂದು ನೋಡಿ. ಇನ್ನೊಂದು, ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆ. ಅದರ 12ನೇ ಕಲಂ ಕೆರೆಯ ಹೊರಗಡಿಯಿಂದ 30 ಮೀಟರ್ ಒಳಗೆ ವಾಣಿಜ್ಯ ಕಟ್ಟಡ ಮಾತ್ರವಲ್ಲ, ಮನೆ ಕಟ್ಟುವುದನ್ನೂ ತಡೆಯುತ್ತದೆ. ನಿಮ್ಮ ಕೆರೆಗೆ ಯಾವ ನಿಯಮ, ಎಷ್ಟು ಮೀಟರ್ ಎಂದು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಒಂದು ಪತ್ರ ಬರೆದು, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

2025ರಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿ ಮಸೂದೆಯ ಬಗ್ಗೆಯೂ ಜನ ಹೇಳುತ್ತಾರೆ. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಬಫರ್ ಇಡುವುದು ಅದರ ಉದ್ದೇಶ. 100 ಎಕರೆಗಿಂತ ದೊಡ್ಡ ಕೆರೆಗೆ 30 ಮೀಟರ್, 10ರಿಂದ 25 ಎಕರೆಗೆ 12 ಮೀಟರ್, ಒಂದರಿಂದ 10 ಎಕರೆಗೆ ಆರು ಮೀಟರ್, ಹೀಗೆ. ಇದನ್ನು ನಂಬಿ ಯಾರಾದರೂ "ಈಗ ಆರೇ ಮೀಟರ್ ಸಾಕು, ಕಟ್ಟಿ" ಎಂದರೆ ಗೆಜೆಟ್ ಪ್ರತಿ ತೋರಿಸಿ ಎನ್ನಿ. ಮಸೂದೆ ಕಾನೂನಾಗುವುದು ರಾಜ್ಯಪಾಲರ ಅಂಕಿತ ಬಿದ್ದು ಗೆಜೆಟ್‌ನಲ್ಲಿ ಬಂದ ಮೇಲೆ. ಕಡಿಮೆಯಾದದ್ದು ಒಳ್ಳೆಯದೇ ಎಂದು ಕೇಳಿದರೆ, ನನಗೇನೂ ಹಾಗನ್ನಿಸಿಲ್ಲ. ಅಡಿಕೆ ಸಾಲಿನವರೆಗೆ ನೀರು ಬಂದ ಮಳೆಗಾಲ ನಾನು ನೋಡಿದ್ದೇನೆ.

ಯಾವುದರಲ್ಲಿ ಸಡಿಲಿಕೆ ಕೇಳಬಹುದು, ಯಾವುದರಲ್ಲಿ ಇಲ್ಲ

ಭಾವನ ಮಗ ಅಮೆರಿಕದಲ್ಲಿದ್ದಾನೆ. "ಇಲ್ಲಿ ವೇರಿಯನ್ಸ್ ಅಂತ ಕೇಳಬಹುದು, ಮಾವ" ಎಂದು ಫೋನಿನಲ್ಲಿ ಹೇಳಿದ. ಅಲ್ಲಿ ನಿಯಮಕ್ಕಿಂತ ಹತ್ತಿರ ಕಟ್ಟಬೇಕಾದರೆ ಊರಿನ ಮಂಡಳಿ ಮುಂದೆ ಹೋಗಬೇಕು, ನೆರೆಯವರಿಗೆ ನೋಟಿಸ್ ಹೋಗುತ್ತದೆ. ತೊಂದರೆ ಆ ಜಾಗದ ಆಕಾರದಿಂದಲೇ ಬಂದದ್ದು, ತಾನೇ ತಂದುಕೊಂಡದ್ದಲ್ಲ ಎಂದು ಮನೆಯವನು ತೋರಿಸಬೇಕು. ನಮ್ಮಲ್ಲಿ ಆ ಹೆಸರಿನ ಅರ್ಜಿ ಇಲ್ಲ. ಆದರೆ ಆ ಪ್ರಶ್ನೆಗಳು ಚೆನ್ನಾಗಿವೆ. ಅರ್ಜಿ ಬರೆಯುವ ಮೊದಲು ನಿಮಗೆ ನೀವೇ ಕೇಳಿಕೊಳ್ಳಿ: ಬೇರೆ ಕಡೆ ಕಟ್ಟಲು ನಿಜವಾಗಿ ಜಾಗ ಇಲ್ಲವೇ? ಇಷ್ಟು ದೊಡ್ಡದೇ ಬೇಕೇ? ಪಕ್ಕದವರಿಗೆ, ಕೆರೆಗೆ ಏನಾಗುತ್ತದೆ?

ನಮ್ಮಲ್ಲಿ ಬೇರೆಬೇರೆ ಮೂರು ವಿಷಯಗಳನ್ನು ಜನ ಒಂದೇ ಎಂದುಕೊಂಡು ಗೋಜಲು ಮಾಡಿಕೊಳ್ಳುತ್ತಾರೆ.

ಸೆಟ್‌ಬ್ಯಾಕ್ ಎಂದರೆ ನಿಮ್ಮ ಸೈಟಿನ ಗಡಿಯಿಂದ ಬಿಡಬೇಕಾದ ಜಾಗ. ಇಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೆ ಬೈಲಾದಲ್ಲಿ ಅವಕಾಶ ಇದೆಯೇ ಎಂದು ಕೇಳಬಹುದು. ಎಷ್ಟರವರೆಗೆ ಎಂಬುದು ನಿಮ್ಮ ಊರಿನ ನಿಯಮದಲ್ಲೇ ಇರುತ್ತದೆ.

ಬಫರ್ ಹಾಗಲ್ಲ. ಅದು ಕೆರೆಯದ್ದು. ಪಿಡಿಒ ಆಗಲಿ ಪೌರಾಯುಕ್ತರಾಗಲಿ "ಪರವಾಗಿಲ್ಲ, ಒಂದಡಿ ಬನ್ನಿ" ಎಂದು ಬರೆದುಕೊಡುವ ಅಧಿಕಾರ ಅಲ್ಲಿಲ್ಲ. ಬರೆದುಕೊಟ್ಟರೂ ನಾಳೆ ನಿಲ್ಲುವುದಿಲ್ಲ. ಬಫರಿನೊಳಗೆ ಇರುವ ಹಳೇ ಮನೆಯ ಮೇಲೆ ಇನ್ನೊಂದು ಅಂತಸ್ತು ಹಾಕಿದರೆ ಮುಂದೆ ಬಂದಂತಲ್ಲವಲ್ಲ ಎಂದೂ ಕೆಲವರು ವಾದ ಮಾಡುತ್ತಾರೆ. ಅದೂ ಹೊಸ ಕಟ್ಟಡವೇ. ಹೆಂಚು ಬದಲಿಸುವುದು, ಗಾರೆ ಮಾಡಿಸುವುದು ಬೇರೆ ಮಾತು.

ಇನ್ನು ಮೂರನೆಯದು ನಕ್ಷೆಯ ತಪ್ಪು. ಕೆರೆ ಇಲ್ಲದ ಕಡೆ ಕೆರೆ ತೋರಿಸಿರಬಹುದು, ಅಥವಾ ಗೆರೆ ನಿಮ್ಮ ಮನೆಯ ಮೇಲೇ ಹಾದಿರಬಹುದು. ಯೋಜನಾ ಕಾಯ್ದೆಯ 14-ಎ ಕಲಂನಲ್ಲಿ ಇಂಥ ತಪ್ಪನ್ನು ಸರಿಪಡಿಸಲು ದಾರಿ ಇದೆ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಬೇರೆ ಕಾನೂನಿಗೆ ವಿರುದ್ಧ ಇರಬಾರದು. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು. ಕಂದಾಯ ದಾಖಲೆ ಒಂದು ಹೇಳಿ, ಮಹಾಯೋಜನೆ ಇನ್ನೊಂದು ಹೇಳಿದಾಗ ಮಾತ್ರ ಈ ದಾರಿ ಹಿಡಿಯಿರಿ. ಒಂದು ಬೆಡ್‌ರೂಮ್‌ಗೋಸ್ಕರ ನಕ್ಷೆ ಬದಲಿಸಿ ಎಂದು ಹೋದರೆ ನಗುತ್ತಾರೆ, ಅಷ್ಟೆ.

ಪ್ಲಾನ್ ಮಾಡಿಸುವುದು ಈಗ

ಸರ್ವೆ ನಕ್ಷೆ ಕೈಗೆ ಬಂದ ಮೇಲೆ ಇಂಜಿನಿಯರ್ ಹತ್ತಿರ ಹೋಗಿ. ಸೈಟ್ ಪ್ಲಾನ್ ಮೇಲೆ ನಾಲ್ಕು ವಿಷಯ ಕಾಣಲೇಬೇಕು ಎಂದು ಹೇಳಿ: ಬಾಂದು ಕಲ್ಲು ಎಲ್ಲಿದೆ, ಅಲ್ಲಿಂದ ಬಫರ್ ಗೆರೆ, ಈಗಿರುವ ಮನೆ ಒಂದು ಬಣ್ಣದಲ್ಲಿ, ಹೊಸದು ಇನ್ನೊಂದು ಬಣ್ಣದಲ್ಲಿ. ಗೋಡೆಯಿಂದ ಕಲ್ಲಿಗೆ ಇರುವ ದೂರವನ್ನು ಅಂಕಿಯಲ್ಲಿ ಬರೆಸಿ. ಅದಿಲ್ಲದೇ ಹೋದರೆ ತನಿಖೆಗೆ ಬಂದವರು ತಾವೇ ಅಳೆಯುತ್ತಾರೆ, ಆಗ ನೀರಿನಿಂದ ಅಳೆದರೋ ಏರಿಯಿಂದ ಅಳೆದರೋ ಹೇಳಲಾಗದು.

ಬಾತ್‌ರೂಮ್ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಪ್ಲಾನಿನಲ್ಲಿ ತೋರಿಸಿ. ಕೆರೆ ಪಕ್ಕದ ಅರ್ಜಿಗಳಲ್ಲಿ ಕೋಣೆಗಿಂತ ಜಾಸ್ತಿ ಪ್ರಶ್ನೆ ಬರುವುದು ಪಿಟ್ ಬಗ್ಗೆ. ಯುಜಿಡಿ (ಒಳಚರಂಡಿ) ಲೈನ್ ಇದ್ದರೆ ಅದಕ್ಕೆ ಸೇರಿಸಿ. ಇಲ್ಲದಿದ್ದರೆ ಸೆಪ್ಟಿಕ್ ಟ್ಯಾಂಕನ್ನು ರಸ್ತೆ ಕಡೆಗೆ, ಕೆರೆಗೆ ಬೆನ್ನು ಮಾಡಿ ಹಾಕಿ. ಇಳಿಜಾರು ಕೆರೆ ಕಡೆಗಿರುವಾಗ ಇದಕ್ಕೆ ಸ್ವಲ್ಪ ಪೈಪು ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ಭಾವನ ಕೋಣೆ ಪೂರ್ವದಿಂದ ಉತ್ತರಕ್ಕೆ ತಿರುಗಿತು. ಮನೆ ಮತ್ತು ಕಾಂಪೌಂಡ್ ನಡುವೆ ಅಲ್ಲಿ ಸೌದೆ ಪೇರಿಸಿದ್ದ ಜಾಗ ಇತ್ತು. ಮೊದಲು ಬರೆದ ಅಳತೆಯಲ್ಲಿ ಸೆಟ್‌ಬ್ಯಾಕ್ ಸ್ವಲ್ಪ ಸಾಲಲಿಲ್ಲ. ಸಡಿಲಿಕೆ ಕೇಳೋಣವೇ ಎಂದರು ಭಾವ. ಕೋಣೆಯನ್ನೇ ಒಂದಡಿ ಕಿರಿದು ಮಾಡೋಣ ಎಂದಳು ಅಕ್ಕ. ಮಂಚ, ಬೀರು, ಅತ್ತೆಯ ವಾಕರ್ ಮೂರೂ ಹಿಡಿಸುತ್ತವೆಯೇ ಎಂದು ಅಂಗಳದಲ್ಲಿ ಚಾಕ್‌ಪೀಸಿನಲ್ಲಿ ಗೆರೆ ಎಳೆದು ನೋಡಿದೆವು. ಹಿಡಿಸಿದವು. ಅಲ್ಲಿಗೆ ಸಡಿಲಿಕೆಯ ಅರ್ಜಿಯೇ ಬೇಕಾಗಲಿಲ್ಲ.

ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ "ಮನೆಗೆ ಒಂದು ರೂಮು" ಎಂದು ಹೇಳಿ ಹೋಂಸ್ಟೇ ಮಾಡುವವರು ಕಮ್ಮಿ ಇಲ್ಲ. ಕೆರೆ ಕಾಣುವ ಕೋಣೆಗೆ ಬಾಡಿಗೆ ಚೆನ್ನಾಗಿ ಬರುತ್ತದೆ ಅಲ್ವಾ. ಅದೇ ಉದ್ದೇಶ ಇದ್ದರೆ ಮೊದಲೇ ಹೇಳಿ. ಹೋಂಸ್ಟೇಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು, ಬಾಡಿಗೆಗೆ ಕೊಡುವ ಕೋಣೆಗಳ ಸಂಖ್ಯೆಗೂ ಮಿತಿ ಇದೆ. ವಾಸಕ್ಕೆ ಎಂದು ಲೈಸೆನ್ಸ್ ಪಡೆದು ಬೋರ್ಡ್ ಹಾಕಿದರೆ ಮೊದಲು ದೂರು ಕೊಡುವವರು ಪಕ್ಕದ ಹೋಂಸ್ಟೇಯವರೇ.

ಅರ್ಜಿ, ತನಿಖೆ, ಹಿಂಬರಹ

ಕಡತಕ್ಕೆ ಬೇಕಾದ್ದು: ಕ್ರಯಪತ್ರ, ಇ-ಖಾತಾ (ಹಳ್ಳಿಯಾದರೆ ನಮೂನೆ 9 ಮತ್ತು 11-ಎ), ಅಲಿನೇಷನ್ ಆದೇಶ, ಈ ವರ್ಷದ ಕಂದಾಯ ರಸೀದಿ, ಇಸಿ (ಋಣಭಾರ ಪತ್ರ), ಹಳೇ ಮನೆಯ ಲೈಸೆನ್ಸ್ ಮತ್ತು ಪ್ಲಾನ್, ಹದ್ದುಬಸ್ತು ನಕ್ಷೆ, ಹೊಸ ಪ್ಲಾನ್. ಮೇಲೆ ಅಂತಸ್ತು ಹಾಕುವುದಾದರೆ ಹಳೇ ಗೋಡೆ ತಡೆಯುತ್ತದೆ ಎಂದು ಇಂಜಿನಿಯರ್ ಕೊಟ್ಟ ಪತ್ರ. ಇವುಗಳಲ್ಲಿ ಜನರ ಹತ್ತಿರ ಇಲ್ಲದೇ ಇರುವುದು ಹಳೇ ಲೈಸೆನ್ಸ್. ಅದಿಲ್ಲದಿದ್ದರೆ ಹೊಸ ಕೋಣೆಯ ಜೊತೆ ಹಳೇ ಮನೆಯೇ ಪ್ರಶ್ನೆಗೆ ಬೀಳುತ್ತದೆ. ಕಚೇರಿಯ ದಾಖಲೆ ಕೋಣೆಯಲ್ಲಿ ಪ್ರತಿ ಇದ್ದೀತು, ಮೊದಲೇ ಹುಡುಕಿಸಿ.

ಅರ್ಜಿ ಹಾಕಿದ ದಿನವೇ, ಸರ್ಕಾರಿ ಸೇವೆಗೆ ಗಡುವು ಹಾಕುವ ಸಕಾಲ ಕಾಯ್ದೆಯ ಸಂಖ್ಯೆ ಇರುವ ಸ್ವೀಕೃತಿ ಪಡೆಯಿರಿ. 15 ಅಂಕಿಯದ್ದು. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಎಂದು ಕಾನೂನಿನಲ್ಲಿದೆ. ಆ ದುಡ್ಡಿಗಾಗಿ ಅಲ್ಲ. ಆ ಸಂಖ್ಯೆ ಇದ್ದರೆ ಕಡತ ಯಾರ ಮೇಜಿನ ಮೇಲಿದೆ ಎಂದು ಕೇಳಬಹುದು, ಅದಕ್ಕೆ.

ತನಿಖೆ ದಿನ ಕಲ್ಲಿನ ಸುತ್ತ ಪೊದೆ ಸವರಿ, ಕಲ್ಲಿಗೆ ಸುಣ್ಣ ಬಳಿದಿಡಿ. ಟೇಪು ನಿಮ್ಮದೇ ಇರಲಿ. ಬಂದವರಿಗೆ ಮೊದಲು ಕಲ್ಲು ತೋರಿಸಿ, ಆಮೇಲೆ ಕೋಣೆ ಬರುವ ಜಾಗ. ಕಾಫಿ ಕೊಡಿ, ಕಥೆ ಬೇಡ.

ಒಪ್ಪದಿದ್ದರೆ ಕಾರಣ ಬರೆದ ಹಿಂಬರಹ ಕೇಳಿ ಪಡೆಯಿರಿ. "ಆಗಲ್ಲ ಹೋಗಿ" ಎಂಬುದಕ್ಕೆ ಮೇಲ್ಮನವಿ ಹಾಕಲಾಗುವುದಿಲ್ಲ, ಕಾಗದಕ್ಕೆ ಮಾತ್ರ ಹಾಕಬಹುದು. ಕಾರಣ ಸೆಟ್‌ಬ್ಯಾಕ್ ಆಗಿದ್ದರೆ ಪ್ಲಾನ್ ತಿದ್ದಿ ಮತ್ತೆ ಕೊಡಿ. ಅಳತೆ ತಪ್ಪಾಗಿದ್ದರೆ ಹದ್ದುಬಸ್ತು ನಕ್ಷೆ ಇಟ್ಟು ಮರುತನಿಖೆ ಕೇಳಿ. ಬಫರ್ ಎಂದಿದ್ದು ನಿಜವೇ ಆಗಿದ್ದರೆ ಕೋಣೆಯನ್ನು ಬೇರೆ ಕಡೆ ತಿರುಗಿಸಿ, ವಕೀಲರಿಗೆ ಕೊಡುವ ದುಡ್ಡಿನಲ್ಲಿ ಗೋಡೆ ಏಳುತ್ತದೆ.

"ಕಟ್ಟಿಬಿಡಿ, ಆಮೇಲೆ ಅಕ್ರಮ ಸಕ್ರಮದಲ್ಲಿ ಆಗುತ್ತೆ" ಎನ್ನುವ ಒಬ್ಬರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. ಕೆರೆ ಅಂಗಳ ಅದರಲ್ಲಿ ಮೊದಲಿಂದಲೂ ಇರಲಿಲ್ಲ. ಊರಿನ ಕೆರೆಕುಂಟೆ ಒತ್ತಿ ಕಟ್ಟಿದ ಮನೆಯನ್ನು, ಎಷ್ಟು ಖರ್ಚು ಮಾಡಿದ್ದರೂ, ಸಕ್ರಮ ಮಾಡಬಾರದು ಎಂದು ಇದೇ ಕೋರ್ಟ್ ಪಂಜಾಬಿನ ಒಂದು ಪ್ರಕರಣದಲ್ಲಿ 2011ರಲ್ಲೇ ಹೇಳಿದೆ.

ಪಾಯ ತೆಗೆಯುವ ದಿನ

ಲೈಸೆನ್ಸ್ ಕೈಗೆ ಬರುವ ಮುನ್ನ ಗುದ್ದಲಿ ಹಾಕಬೇಡಿ. ಆಷಾಢ ಬರುತ್ತದೆ, ಮಳೆ ಹಿಡಿಯುತ್ತದೆ, ಮೇಸ್ತ್ರಿ ಬೇರೆ ಕೆಲಸಕ್ಕೆ ಹೋಗುತ್ತಾನೆ, ಎಲ್ಲ ನಿಜ. ಆದರೂ ಬೇಡ. ಲೈಸೆನ್ಸಿನಲ್ಲಿ ಬರೆದ ಷರತ್ತುಗಳನ್ನು ಮೇಸ್ತ್ರಿಗೆ ಓದಿ ಹೇಳಿ. ಜಲ್ಲಿ, ಮರಳು, ಅಗೆದ ಮಣ್ಣು ಬಫರ್ ಗೆರೆಯ ಈಚೆಯೇ ಇರಲಿ. ಕೆರೆ ಕಡೆ ಸುರಿದ ಒಂದು ಟ್ರ್ಯಾಕ್ಟರ್ ಮಣ್ಣಿಗೂ ದೂರು ಬರುತ್ತದೆ.

ಸುಣ್ಣದ ಪುಡಿಯಲ್ಲಿ ಪಾಯದ ಗೆರೆ ಹಾಕಿದ ಮೇಲೆ ಒಂದು ಸಲ ಟೇಪು ಹಿಡಿದು ಗಡಿಗೆ ಅಳೆಯಿರಿ, ಟೇಪಿನ ಅಂಕಿ ಕಾಣುವ ಹಾಗೆ ಫೋಟೋ ತೆಗೆದಿಡಿ. ಭಾವ ಅವತ್ತು ತೆಗೆದ ಫೋಟೋದಲ್ಲಿ ಟೇಪಿನ ಒಂದು ತುದಿ ಮೇಸ್ತ್ರಿ ಕೈಯಲ್ಲಿದೆ, ಇನ್ನೊಂದು ತುದಿ ಅತ್ತೆಯ ಕೈಯಲ್ಲಿ. ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಗೆರೆ ಸೊಟ್ಟ ಹೋಗಿದೆ ಎಂದು ಎರಡು ಸಲ ಮತ್ತೆ ಹಾಕಿಸಿದರು.